ಎಲ್ಲರ ಹೂಂ

ಹರಿಗೋಲು ಇನ್ನೂ ದಡ ಮುಟ್ಟಿರಲಿಲ್ಲ. ಅಷ್ಟರಲ್ಲೇ ನಬೀಸಾಬ್ ಅದರೊಳಗೆ ಎದ್ದು ನಿಂತು ಕೂಗಿದ: "ಸರ್ಕಾರ ಬಿತ್ತು! ಡಿಲ್ಲಿ ಸರ್ಕಾರ ಬಿತ್ತು!"

ಅವನು ಎದ್ದ ರಭಸಕ್ಕೆ ಹರಿಗೋಲು ಒಂದು ಸುತ್ತು ತಿರುಗಿತು. ಹುಟ್ಟು ಹಾಕುತ್ತಿದ್ದ ಹಂಪಯ್ಯ, "ಕುಂದ್ರೋ ನಬೀಸಾಬ, ಸರ್ಕಾರದ ಕೂಡ ನಾವೂ ಬೀಳ್ತೀವಿ," ಎಂದು ಬೈದ. ಮರಳಿನಲ್ಲಿ ಕಲ್ಲಂಗಡಿ ಬಳ್ಳಿಗೆ ನೀರುಣಿಸುತ್ತಿದ್ದ ಹೆಂಗಸರು ನಕ್ಕರು. ದುರುಗಮ್ಮ ನಗಲಿಲ್ಲ. ಅವಳ ಕೈಯ ಕೊಡ ಓರೆಯಾಗಿ ನೀರೆಲ್ಲ ಒಂದೇ ಬಳ್ಳಿಯ ಬುಡಕ್ಕೆ ಸುರಿದುಹೋಯಿತು.

ನಬೀಸಾಬ್ ದೇವದುರ್ಗದ ವ್ಯಾಪಾರಿ. ಬೇಸಿಗೆಯಲ್ಲಿ ಹೊಳೆ ನಡುವಿನ ಈ ಗಡ್ಡಿಯ ಕಲ್ಲಂಗಡಿ, ಸೌತೆಕಾಯಿ ಕೊಂಡು ರಾಯಚೂರಿನ ಮಾರ್ಕೆಟ್ಟಿಗೆ ಸಾಗಿಸುವವನು. ಹೊರಗಿನ ಸುದ್ದಿ ಏನಿದ್ದರೂ ಅವನ ಬುಟ್ಟಿಗಳ ಜೊತೆಗೇ ಹೊಳೆ ದಾಟಿ ಬರಬೇಕು. ಎಪ್ಪತ್ತೇಳರ ಯುಗಾದಿ ಆಗಿ ಇನ್ನೂ ವಾರ ಕಳೆದಿರಲಿಲ್ಲ.

"ಖರೇನ?" ಎಂದಳು ಕರೆಮ್ಮ. "ನಾವು ಒತ್ತಿದ ಗುರ್ತು ಗೆದ್ದದ ಅಂತಿದ್ರಲ್ಲ?"

"ಇಲ್ಲಿ ಗೆದ್ದದ ಬೇ, ಅಲ್ಲಿ ಸೋತದ. ಮ್ಯಾಲಿನ ಮುಲುಕ ಪೂರಾ ಸೋತದ. ಆಯಮ್ಮನೇ ಸೋತಾಳ! ರಾಯಚೂರಾಗ ತೀನ್ ಕಂದೀಲ್ ಹತ್ರ ನಿಂತು ನನ್ನ ಕಿವೀಲೇ ರೇಡಿಯೋ ಕೇಳೀನಿ. ಮಂದಿ ಸಕ್ರಿ ಹಂಚಾಕತ್ತಿದ್ರು." ಅವನ ಮುಖ ಅರಳಿತ್ತು. "ಇನ್ನ ನಮ್ಮ ಮೊಹಲ್ಲಾದ ಗಂಡಸ್ರು ಬಸ್ ಸ್ಟ್ಯಾಂಡಿಗೆ ಹೋಗಾಕ ಅಂಜೂದಿಲ್ಲ. ನಸಬಂದಿ ಆಪರೇಷನ್ ಜೀಪು ಬಂತಂದ್ರ ಹಿತ್ತಲದಾಗ ಅಡಗಿ ಕುಂದ್ರೂದು ಮುಗೀತು."

"ನಮಗೇನಾಗ್ತದ?"

"ನಮಗೇನು?" ಹಂಪಯ್ಯ ಹರಿಗೋಲನ್ನು ಮರಳಿಗೆ ಎಳೆಯುತ್ತ ಅಂದ. "ಈ ಗಡ್ಡಿಗೆ ಯಾವ ಸರ್ಕಾರ ಬಂದಿತ್ತು, ಹೋಗಾಕ?"

ಅವನು ಹೇಳಿದ್ದು ಸುಳ್ಳೇನಲ್ಲ. ಜಾಲಿಗಡ್ಡಿ ಅಂದರೆ ದೇವದುರ್ಗ ತಾಲೂಕಿನ ಅಂಚಿನಲ್ಲಿ ಕೃಷ್ಣೆ ಎರಡು ಕವಲಾಗಿ ಹರಿದು ಮತ್ತೆ ಕೂಡುವ ನಡುವೆ ಎದ್ದುನಿಂತ ನೆಲ. ಜಾಲಿಮುಳ್ಳಿನ ಬೇಲಿಯೊಳಗೆ ಒಂದಿಷ್ಟು ಗುಡಿಸಲು, ಒಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ. ಪೊಲೀಸ್ ಪಾಟೀಲನಾಗಲಿ ಶಾನುಭೋಗನಾಗಲಿ ಅಲ್ಲಿ ಕಾಲಿಟ್ಟದ್ದನ್ನು ಕಂಡವರಿರಲಿಲ್ಲ. ಪ್ರತಿ ವರ್ಷ ಪ್ರವಾಹ ಇಳಿದ ಮೇಲೆ ಹೊಳೆ ಬಿಟ್ಟುಹೋದ ಮೆಕ್ಕಲು ಮಣ್ಣನ್ನು ಹಗ್ಗದಿಂದ ಅಳೆದು ಮನೆಗಿಷ್ಟೆಂದು ಹಂಚಿಕೊಳ್ಳುವುದು, ಜಗಳ ಬಿಡಿಸುವುದು, ಹೆಣ್ಣು ಕೊಡುವುದು ತರುವುದು, ಎಲ್ಲವೂ ಕಟ್ಟೆಯ ಮೇಲೆ ಕೂಡುವ ದೈವದ ಮಾತು. ದೈವ ಅಂದರೆ ದೇವರಲ್ಲ, ಗಂಡಸರು ಹೆಂಗಸರು ಮನೆಗೊಬ್ಬರಂತೆ ಕೂತ ಸಭೆ. ಮುಪ್ಪಿನ ಯಮನಮ್ಮ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುತ್ತಾಳೆ. ಎಲ್ಲರೂ ಹೂಂ ಅನ್ನಬೇಕು. ಒಬ್ಬರು ಊಂಹೂಂ ಅಂದರೂ ಮಾತು ಅಲ್ಲೇ ನಿಂತುಬಿಡುತ್ತದೆ. ಬಾವಿ ಎಲ್ಲಿ ತೋಡಬೇಕೆಂಬ ವಿಚಾರ ಸುಂಕಪ್ಪನೊಬ್ಬನ ಊಂಹೂಂನಿಂದಾಗಿ ಇಡೀ ಒಂದು ಮಳೆಗಾಲ ನಿಂತಿತ್ತು.

ದುರುಗಮ್ಮ ಗಡ್ಡಿಯಲ್ಲಿ ಹುಟ್ಟಿದವಳಲ್ಲ. ಆಚೆ ದಂಡೆಯ ಊರಿನ ಧಣಿಯ ವಾಡೆಯಲ್ಲಿ ಜೀತಕ್ಕಿದ್ದವಳು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅಪ್ಪ ಅವಳನ್ನು ವಾಡೆಯ ಹಿಂಬಾಗಿಲಲ್ಲಿ ಬಿಟ್ಟು ಹೋಗಿದ್ದ. ಅಂದಿನಿಂದ ಅವಳು ಮಲಗಿದ್ದು ಧಣಿಯ ತಾಯಿಯ ಮಂಚದ ಕೆಳಗೆ. ಮುದಿ ಅವ್ವನ ಬೆರಳಿಗೊಂದು ದಾರ, ದಾರದ ಇನ್ನೊಂದು ತುದಿ ಇವಳ ಮಣಿಕಟ್ಟಿಗೆ. ನೀರು ಬೇಕಾದಾಗ, ಮಗ್ಗುಲು ಬದಲಿಸಬೇಕಾದಾಗ, ಕೆಲವೊಮ್ಮೆ ಏನೂ ಬೇಡವಾದಾಗಲೂ ದಾರ ಜಗ್ಗುತ್ತಿತ್ತು. "ದುರುಗೀ, ಏಳು." ಹಾಗೇ ದೊಡ್ಡವಳಾದಳು. ಹೋದ ಬೇಸಿಗೆಯಲ್ಲಿ ವಾಡೆಯ ಅಂಗಳಕ್ಕೆ ಒಂದು ಜೀಪು ಬಂತು. ಕನ್ನಡಕದ ಸಾಹೇಬನೊಬ್ಬ ಇಳಿದು, ಜೀತಕ್ಕೆ ಇಟ್ಟುಕೊಳ್ಳುವುದು ಇನ್ನು ಅಪರಾಧ, ಇವತ್ತಿನಿಂದ ನೀನು ಎಲ್ಲಿಗೆ ಬೇಕಾದರೂ ಹೋಗಬಹುದಮ್ಮ ಅಂದ. ಎಲ್ಲಿಗೆ ಅಂತ ಅವಳಿಗೆ ಗೊತ್ತಿರಲಿಲ್ಲ. ಹೊಳೆಯತ್ತ ನಡೆದಳು. ಹಂಪಯ್ಯ ಏನೂ ಕೇಳದೆ ಹರಿಗೋಲಿಗೆ ಹತ್ತಿಸಿಕೊಂಡ. ದೈವ ಕೂತು ಹೂಂ ಅಂದಿತು. ಒಂದು ಗುಡಿಸಲು, ಒಂದು ಹಗ್ಗದಳತೆಯ ಮಣ್ಣು, ಕಟ್ಟೆಯ ಮೇಲೆ ಕರೆಮ್ಮನ ಪಕ್ಕದಲ್ಲಿ ಕೂಡಲು ಜಾಗ, ಇಷ್ಟು ಅವಳ ಪಾಲಿಗೆ ಬಂತು.

ಹೀಗಾಗಿ ಸರ್ಕಾರ ಅಂದರೆ ಅವಳಿಗೆ ಆ ಜೀಪು, ಆ ಕನ್ನಡಕ. ಬಿದ್ದದ್ದು ಅದೇ ಆಗಿದ್ದರೆ?

ಬುಟ್ಟಿ ತುಂಬುವಾಗ ಅವಳು ನಬೀಸಾಬನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು, "ಕಾಕಾ, ನನ್ನ ಬಿಡಿಸಿದ ಸಾಹೇಬ್ರು ಈಗ ದೇವದುರ್ಗದಾಗ ಅದಾರೇನು?"

"ಅವ್ರಾ? ದೀಪಾವಳಿ ಮುಂದ ಮಾನ್ವಿಗೆ ವರ್ಗ ಆದ್ರಲ್ಲ." ನಬೀಸಾಬ್ ಅವಳ ಮುಖ ನೋಡಿದ. ಅವನ ನಗು ಸ್ವಲ್ಪ ಕುಂದಿತು. "ಫಿಕರ್ ಮಾಡಬ್ಯಾಡವ್ವಾ. ನಿನ್ನ ಮಾತು ಹಳೇದಾತು. ಯಾರು ನೆನಸ್ತಾರ?"

ವಾಡೆಯವರು ಏನನ್ನೂ ಮರೆಯುವವರಲ್ಲ ಎಂದು ಅವಳಿಗೆ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ಅವಳು ಬೆಳಿಗ್ಗೆ ಎದ್ದವಳೇ ಪಡುವಣ ತುದಿಗೆ ಹೋಗಿ ಹೊಳೆ ನೋಡುತ್ತಿದ್ದಳು. ಬಿಸಿಲಿಗೆ ನೀರು ಸೊರಗುತ್ತಿತ್ತು. ನಿನ್ನೆ ಮುಳುಗಿದ್ದ ಬಂಡೆ ಇವತ್ತು ಬೆನ್ನು ತೋರಿಸುತ್ತಿತ್ತು. ಆ ತುದಿಯಲ್ಲಿ ಹೊಳೆ ಅಗಲವಾಗಿತ್ತು, ಆಳ ಕಡಿಮೆ. ಬೇಸಿಗೆ ಬಲಿತರೆ ಹರಿಗೋಲೇ ಬೇಡ, ಮೊಣಕಾಲು ನೀರಲ್ಲಿ ಯಾರು ಬೇಕಾದರೂ ದಾಟಿ ಬರಬಹುದು. ಉಳಿದವರಿಗೆ ಅದು ಅನುಕೂಲ. ಅವಳಿಗೆ ಮಾತ್ರ ಯಾರೋ ದಿನಾ ಬೇಲಿಯ ಒಂದೊಂದೇ ಗೂಟ ಕಿತ್ತುಹಾಕಿದಂತೆ ಅನಿಸುತ್ತಿತ್ತು.

ಒಂದು ದಿನ ಹಾಗೆ ನಿಂತಿದ್ದಾಗಲೇ ಅವಳಿಗೆ ಯಂಕೋಬ ಕಂಡ. ಧೋತರವನ್ನು ತೊಡೆಯವರೆಗೆ ಎತ್ತಿಕಟ್ಟಿ, ಮೆಟ್ಟು ಕೈಯಲ್ಲಿ ಹಿಡಿದು, ಕಲ್ಲಿಂದ ಕಲ್ಲಿಗೆ ಹುಷಾರಾಗಿ ಕಾಲಿಡುತ್ತ ಹೊಳೆ ದಾಟುತ್ತಿದ್ದ. ಯಂಕೋಬ ವಾಡೆಯ ಕಾರಭಾರಿ. ಧಣಿಯ ಮಾತು ಯಾವತ್ತೂ ಅವನ ಬಾಯಿಂದಲೇ ಬರುವುದು. ಅವಳು ಜಾಲಿಯ ಮರೆಗೆ ಸರಿದಳು. ಅವನು ದಡ ಹತ್ತಿ, ಕಾಲು ಒರೆಸಿಕೊಂಡು, ಮೆಟ್ಟು ಹಾಕಿಕೊಂಡು, ಸ್ವಂತ ಹೊಲಕ್ಕೆ ಬಂದವನಂತೆ ಸುತ್ತ ನೋಡಿ ಕಟ್ಟೆಯ ಕಡೆ ನಡೆದ.

ಅವನು ದನಿ ಏರಿಸಲಿಲ್ಲ. ಅದೇ ಎಲ್ಲರಿಗೂ ಅಂಜಿಕೆ ಹುಟ್ಟಿಸಿತು. ಯಮನಮ್ಮ ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟು ಹೇಳಿದ, "ಅವ್ವಾರು ಹಾಸಿಗಿ ಹಿಡದಾರ. ಅವರನ್ನ ಎತ್ತೂದು ಇಳಿಸೂದು ದುರುಗಿಗೇ ಗೊತ್ತು. ಬ್ಯಾರೆಯವರ ಕೈ ಹತ್ತವಲ್ದು. ಆಕೀನ ಕಳಸ್ರಿ. ನಿಮ್ಮ ಕಡಿಂದ ವಾಡೇಕ ಮತ್ತೇನೂ ಬೇಕಾಗಿಲ್ಲ."

"ಆಕೀನ ಸರ್ಕಾರ ಬಿಡಿಸ್ಯದಲ್ರೀ ಯಪ್ಪಾ," ಎಂದ ಸುಂಕಪ್ಪ.

"ಯಾವ ಸರ್ಕಾರ?" ಯಂಕೋಬ ನಕ್ಕ. "ಬಿಡಿಸಿದ ಸರ್ಕಾರ ಹೋತಲ್ಲ. ಅವರ ಹುಕುಂ ಅವರ ಕೂಡೇ ಹೋದ್ವು. ಇನ್ನ ಒಂದು ಮಾತು. ಹೊಳಿ ಸರ್ಕಾರದ್ದು, ಹೊಳಿಯೊಳಗಿನ ಮಣ್ಣೂ ಸರ್ಕಾರದ್ದು. ಇದನ್ನ ಉಳಾಕ ನಿಮಗ ಯಾರು ಹೇಳ್ಯಾರ ಅಂತ ಹೊಸಬರು ಕೇಳಿದ್ರ ಏನು ಹೇಳ್ತೀರಿ? ಧಣ್ಯಾರು ನಿಮ್ಮ ಪರವಾಗಿ ಎರಡು ಮಾತು ಆಡಬೇಕಂದ್ರ..." ಅವನು ಮುಗಿಸಲಿಲ್ಲ. "ನಾಡಿದ್ದು ಸಂಜಿಗೆ ಬರ್ತೀನಿ. ಆಕೀ ಬಟ್ಟಿ ಗಂಟು ಕಟ್ಟಿಸಿ ಇಡ್ರಿ."

ಆ ಮಧ್ಯಾಹ್ನವೇ ದೈವ ಕೂತಿತು. ದುರುಗಮ್ಮ ಸೆರಗು ಸರಿಮಾಡಿಕೊಂಡು ಹೊರಟಾಗ ಸುಂಕಪ್ಪನ ಮಗಳು ಓಡಿಬಂದು, "ನೀ ಮನ್ಯಾಗ ಇರಬೇಕಂತ," ಎಂದು ಹೇಳಿ, ಮುಖ ನೋಡದೆ ಓಡಿಹೋಯಿತು. ಅವಳು ಗುಡಿಸಲಿನ ಬಾಗಿಲಲ್ಲಿ ಕೂತು ನೋಡಿದಳು. ಮಾತು ಕೇಳಿಸುತ್ತಿರಲಿಲ್ಲ. ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಕರೆಮ್ಮ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು. ಕರೆಮ್ಮನಿಗೆ ನಾಲ್ಕು ಮಕ್ಕಳು. ಗಡ್ಡಿಯ ಮಣ್ಣು ಬಿಟ್ಟರೆ ಅವಳಿಗೂ ಏನಿಲ್ಲ. ಅವಳ ಮೇಲೆ ಸಿಟ್ಟು ಬರಲೆಂದು ದುರುಗಮ್ಮ ಕಾದಳು. ಬರಲಿಲ್ಲ. ಅಂಜಿಕೆ ಮಾತ್ರ ಇತ್ತು.

ಹೊತ್ತು ಇಳಿಯುವಾಗ ಯಮನಮ್ಮ ಕೋಲೂರಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು.

"ಏನಂದ್ರು ಯವ್ವಾ?"

"ಇನ್ನೂ ಒಂದು ಮಾತಿಗೆ ಬಂದಿಲ್ಲ. ನಾಡಿದ್ದು ಮತ್ತ ಕೂಡ್ತೀವಿ. ಆದ್ರ ಬರ್ತಾರ ಅನಸ್ತದ." ಮುದುಕಿ ತನ್ನ ಕೈಗಳನ್ನೇ ನೋಡುತ್ತಿದ್ದಳು. "ನನಗೂ ಅಂಜಿಕಿ ಆಗೇದ ಮಗಳ. ಈ ಕಟ್ಟಿಮ್ಯಾಲ ಕುಂತು ಯಾರಿಗೂ ಅಂಜಿದಾಕಿ ಅಲ್ಲ ನಾ. ಇವತ್ತು ಮಾತಾಡಾಕ ಹೋದ್ರ ನಾಲಿಗಿ ಏಳವಲ್ದು."

"ಮಾನ್ವಿಗೆ ಹೋಗಿ ಬರ್ತೀನಿ," ಎಂದಳು ದುರುಗಮ್ಮ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳೇ ಬೆಚ್ಚಿದಳು. "ಆ ಸಾಹೇಬ್ರನ್ನ ಕೇಳ್ತೀನಿ. ಹುಕುಂ ಹೋತೋ ಅದನೋ."

ಯಮನಮ್ಮ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ಕೂಡೂದ್ರೊಳಗ ಬಾ," ಎಂದಷ್ಟೇ ಹೇಳಿ ಎದ್ದಳು.

ಮರುದಿನ ನಬೀಸಾಬ್ ಅವಳನ್ನು ದೇವದುರ್ಗದಲ್ಲಿ ಬಸ್ಸು ಹತ್ತಿಸಿ, ಸಿರವಾರದಲ್ಲಿ ಮಾನ್ವಿ ಬಸ್ಸಿಗೆ ಕೂಡಿಸಬೇಕೆಂದು ಕಂಡಕ್ಟರನಿಗೆ ಎರಡೆರಡು ಸಲ ಹೇಳಿ ಕಳಿಸಿದ. ಅವಳು ಅದುವರೆಗೆ ಬಸ್ಸು ಹತ್ತಿದವಳಲ್ಲ. ಕಿಟಕಿಯ ಸರಳು ಹಿಡಿದ ಕೈಯನ್ನು ಮಾನ್ವಿ ಬರುವವರೆಗೆ ಬಿಡಲಿಲ್ಲ. ದಾರಿಯುದ್ದಕ್ಕೂ ಗೋಡೆಗಳ ಮೇಲೆ ಚುನಾವಣೆಯ ಬರಹಗಳು ಇನ್ನೂ ಇದ್ದವು. ಓದಲು ಬಾರದ ಅವಳಿಗೆ ಅವೆಲ್ಲವೂ ವಾಡೆಯವರ ಹೆಸರೇ ಇರಬಹುದು ಅನಿಸಿತು.

ಸಾಹೇಬರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಬರೀ ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದರು. ವಾಡೆಯ ಅಂಗಳದಲ್ಲಿ ಗುಡುಗಿದ ಆ ಮನುಷ್ಯ ಇವರೇನಾ ಅನ್ನುವಷ್ಟು ಸಣ್ಣಗೆ ಕಂಡರು. ಗುರುತು ಸಿಕ್ಕ ಮೇಲೆ ಎದ್ದು ಬೀದಿಯ ಬಾಗಿಲು ಮುಂದೆ ಮಾಡಿದರು. ಒಳಗಿನಿಂದ ಮಜ್ಜಿಗೆ ತರಿಸಿಕೊಟ್ಟರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಸರ್ಕಾರ ಬಿದ್ದರೆ ಕಾಯ್ದೆ ಬೀಳೋದಿಲ್ಲಮ್ಮ," ಎಂದರು. ದನಿ ಎಷ್ಟು ತಗ್ಗಿತ್ತೆಂದರೆ ಅವಳು ಮುಂದೆ ಬಾಗಬೇಕಾಯಿತು. "ಆ ಕಾಯ್ದೆ ಇವತ್ತೂ ಇದೆ. ನಿನ್ನನ್ನ ಯಾರೂ ಮುಟ್ಟೋ ಹಾಗಿಲ್ಲ."

"ಹಂಗಾರ ತಾವು ಒಂದು ಸಲ ಬಂದು ಹೇಳ್ರೀ ಯಪ್ಪಾ. ತಮ್ಮ ಕಾಲಿಗೆ ಬೀಳ್ತೀನಿ."

"ಅದು ನನ್ನ ತಾಲೂಕಲ್ಲಮ್ಮ ಈಗ." ಅವರು ಬಾಗಿಲ ಕಡೆ ನೋಡಿದರು. "ಎಮರ್ಜೆನ್ಸಿ ದಿನಗಳಲ್ಲಿ ಯಾರು ಯಾರು ಏನೇನು ಮಾಡಿದರು ಅಂತ ಮೇಲಿನವರು ಕೇಳ್ತಾರಂತೆ. ಒಳ್ಳೇದು ಮಾಡಿದವರು, ಕೆಟ್ಟದ್ದು ಮಾಡಿದವರು, ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸ್ತಾರಂತೆ. ನನ್ನ ಪಾಳಿ ಯಾವಾಗಲೋ." "ನಾನು ಹೇಳಿದೆ ಅಂತ ಮಾತ್ರ ಹೇಳಬೇಡಮ್ಮ," ಎಂದರು.

ಮುಂದೆ ಮಾಡಿದ್ದ ಬಾಗಿಲನ್ನು ಅವರು ಎದ್ದು ಹೋಗಿ ಮತ್ತೊಮ್ಮೆ ಒತ್ತಿ ನೋಡಿದ್ದನ್ನು ಅವಳು ಕಂಡಳು. ಧಣಿಯನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡಿದವರು ಇವರು. ಅವರಿಗೇ ಹೀಗಾದರೆ ತನ್ನ ಪಾಡೇನು? ಅವಳು ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು, ಕೈಮುಗಿದು ಹೊರಬಿದ್ದಳು.

ದೇವದುರ್ಗಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಬೀಸಾಬನ ಹೆಂಡತಿ ಗುಲ್ಶನ್ ಬೇಗಂ ರೊಟ್ಟಿ ಬಡಿದು ಕೊಟ್ಟು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು. ಬೆಳಿಗ್ಗೆ ಹೊರಡುವಾಗ ಹೇಳಿದಳು, "ಎಲ್ಲಿ ಹೋಗ್ತೀ ತಂಗೀ? ಇಲ್ಲೇ ಇರು. ಇಲ್ಲಾಂದ್ರ ರಾಯಚೂರಾಗ ನಮ್ಮ ಅಕ್ಕ ಅದಾಳ, ದೊಡ್ಡ ಊರು. ಅಲ್ಲಿ ನಿನ್ನ ಯಾರು ಹುಡುಕ್ತಾರ?"

ಅದು ನಿಜವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸು ಎದುರಿಗೇ ನಿಂತಿತ್ತು. ದುರುಗಮ್ಮ ಅದರ ಮೆಟ್ಟಿಲವರೆಗೆ ಹೋದಳು. ಹೋಗಿಬಿಟ್ಟರೆ ಗಡ್ಡಿಯವರೂ ಬಚಾವ್, ತಾನೂ ಬಚಾವ್. ಆದರೆ ಅಲ್ಲಿ ಯಾರದೋ ಮನೆಯ ಹಿಂಬಾಗಿಲು, ಯಾರದೋ ಮಂಚ ಕಾದಿರುತ್ತದೆ ಅನಿಸಿತು. ತನ್ನನ್ನು ಹೆಸರು ಹಿಡಿದು ಕೇಳುವ ಜಾಗ ಇರುವುದು ಒಂದೇ. ಬಸ್ಸು ಹೊರಟಿತು. ಅವಳು ಹೊಳೆಯ ದಾರಿ ಹಿಡಿದಳು.

ದಿನವೆಲ್ಲ ನಡೆದು ದಂಡೆಗೆ ಬಂದಾಗ ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ಹರಿಗೋಲು ಈ ಕಡೆ ಇರಲಿಲ್ಲ. ಆಚೆ ದಡದ ಮರಳಿನಲ್ಲಿ ಬೋರಲು ಹಾಕಿದ್ದರು. "ಹಂಪಯ್ಯಣ್ಣಾ!" ಎಂದು ಕೂಗಿದಳು. ಗುಡಿಸಲಿನ ಮರೆಯಿಂದ ಹಂಪಯ್ಯ ಕಾಣಿಸಿಕೊಂಡ. ಇವಳನ್ನು ನೋಡಿದ. ಎರಡು ಹೆಜ್ಜೆ ಹೊಳೆಯ ಕಡೆ ಬಂದವನು ಅಲ್ಲೇ ನಿಂತು, ತಿರುಗಿ ಕಟ್ಟೆಯತ್ತ ಹೋದ.

ಅವಳಿಗೆ ಅರ್ಥವಾಯಿತು. ದೈವ ಕೂತಿದೆ. ತಾನು ಬರದಿರಲಿ ಅಂತಲೇ ಹರಿಗೋಲು ಬೋರಲು ಮಲಗಿದೆ.

ಪಡುವಣ ತುದಿಗೆ ಓಡಿ ನೀರಿಗಿಳಿದಳು. ಪಾಚಿಕಲ್ಲು ಜಾರಿ ಒಮ್ಮೆ ಸೊಂಟದವರೆಗೆ ಮುಳುಗಿದಳು. ದಡ ಹತ್ತಿ, ಸುತ್ತಿ ಹೋಗಲು ವ್ಯವಧಾನವಿಲ್ಲದೆ, ಜಾಲಿ ಕಡಿದು ಹಾಕಿದ ಬೇಲಿಯನ್ನೇ ತುಳಿದುಕೊಂಡು ಓಡಿದಳು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಕಟ್ಟೆಯ ಹತ್ತಿರ ಬರುವಾಗ ಯಮನಮ್ಮನ ದನಿ ಕೇಳಿಸಿತು.

"ಸುಂಕಪ್ಪಾ?"

"ಹೂಂ."

"ಹಂಪಯ್ಯಾ?"

ಬಹಳ ಹೊತ್ತು ತಡೆದು, "ಹೂಂ."

"ಕರೆಮ್ಮಾ?"

"ಹೂಂ," ಎಂದ ಕರೆಮ್ಮ ತಲೆ ಎತ್ತಿದಳು. ದುರುಗಮ್ಮ ಬಂದು ತನ್ನ ಜಾಗದಲ್ಲಿ, ಅವಳ ಪಕ್ಕದಲ್ಲೇ ಕೂತಳು. ಸೀರೆಯಿಂದ ಇಳಿದ ನೀರು ಕಲ್ಲಿನ ಮೇಲೆ ಹರಿಯಿತು. ಎದುರಿಗೆ ಯಮನಮ್ಮನ ಮಗ್ಗುಲಲ್ಲಿ ಯಂಕೋಬ ಕೂತಿದ್ದ.

"ಚೊಲೋ ಆತು, ತಾನೇ ಬಂದ್ಲು," ಎಂದ ಅವನು, ಮೆಟ್ಟು ಹಾಕಿಕೊಳ್ಳುತ್ತ. "ಎಲ್ಲರೂ ಹೂಂ ಅಂದಾರ. ದುರುಗೀ, ಏಳು."

ಮಣಿಕಟ್ಟಿನಲ್ಲಿ ದಾರ ಜಗ್ಗಿತು. ಅವಳು ಏಳಬೇಕೆಂದುಕೊಳ್ಳಲಿಲ್ಲ. ಮೈ ತಾನಾಗಿಯೇ ಎದ್ದಿತು. ಮೊಣಕಾಲು ನೆಟ್ಟಗಾದವು, ತಲೆ ತಗ್ಗಿತು, ಕೈ ಸೆರಗನ್ನು ಹುಡುಕಿತು. ಅರ್ಧ ಎದ್ದ ತನ್ನನ್ನು ಇಡೀ ದೈವ ನೋಡುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ತಡೆಯಲಾಗುತ್ತಿರಲಿಲ್ಲ.

"ಕುಂದ್ರು," ಎಂದಳು ಯಮನಮ್ಮ. "ಇನ್ನೂ ಕೇಳೂದು ಮುಗದಿಲ್ಲ. ದುರುಗಮ್ಮಾ, ನಿನ್ನ ವಾಡೇಕ ಕಳಸಬೇಕು ಅಂತಾರ ಇವ್ರು. ನೀ ಏನಂತೀ?"

ಯಂಕೋಬ ಮುದುಕಿಯ ಕಡೆ ತಿರುಗಿದ. "ಆಕೀನ ಏನು ಕೇಳ್ತೀರಿ?"

"ಆಕೀಗೂ ಕಟ್ಟಿಮ್ಯಾಲ ಜಾಗ ಅದ. ಜಾಗ ಇದ್ದವರನ್ನ ಕೇಳಬೇಕು."

ದುರುಗಮ್ಮ ಬಾಯಿ ತೆರೆದಳು. ಹೊಳೆಯಾಚೆ ವಾಡೆಯ ಮಾಳಿಗೆ ಕಾಣುತ್ತಿತ್ತು. ಮಾನ್ವಿಯ ಸಾಹೇಬರು ಮುಂದೆ ಮಾಡಿದ ಬಾಗಿಲು ನೆನಪಾಯಿತು. ಕಾಯ್ದೆ ಬಿದ್ದಿಲ್ಲ ಎಂದು ಹೇಳಬೇಕೆಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಅವಳು ಮತ್ತೆ ಕಲ್ಲಿನ ಮೇಲೆ ಕೂತಳು. ಕೂತ ಮೇಲೆ, ಎಲ್ಲಿಂದಲೋ, ಮೂಗಿನಿಂದಲೋ ಎದೆಯಿಂದಲೋ, ಒಂದು ಸದ್ದು ಹೊರಟಿತು.

"ಊಂಹೂಂ."

"ಏನಂದಿ?"

"ಊಂಹೂಂ, ಯವ್ವಾ. ನಾ ಒಲ್ಲೆ."

ಯಮನಮ್ಮ ಕೋಲನ್ನು ಕಲ್ಲಿಗೆ ಕುಟ್ಟಿದಳು. "ಮಾತು ನಿಂತಿತು," ಎಂದಳು. "ಒಬ್ಬರು ಒಲ್ಲೆ ಅಂದ್ರ ನಮ್ಮಲ್ಲಿ ಮಾತು ಮುಂದಕ್ಕ ಹೋಗಂಗಿಲ್ರೀ ಯಪ್ಪಾ. ಇದು ನಮ್ಮ ಹಿರೇರು ಮಾಡಿದ್ದು. ನಾ ಮುರದ್ರ ನಾಳೆ ಈ ಕಟ್ಟಿಮ್ಯಾಲ ಯಾರು ಕುಂದ್ರತಾರ?"

ಯಂಕೋಬ ಎದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ಬೆರಗಿತ್ತು. "ಡಿಲ್ಲಿಯೊಳಗ ಕುಂತಾಕೀನೇ ಎಬ್ಬಿಸಿ ಕಳಿಸ್ಯಾರ," ಎಂದ. "ನಿಮ್ಮ ಈ ಬೇವಿನ ಕಟ್ಟಿ ಎಷ್ಟರದು?" ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದ. ಹೂಂ ಅಂದವರನ್ನೂ ಬಿಡದೆ ನೋಡಿದ. ಆಮೇಲೆ ಧೋತರ ಎತ್ತಿಕಟ್ಟಿಕೊಂಡು ಪಡುವಣ ತುದಿಯ ದಾರಿ ಹಿಡಿದ. ಯಾರೂ ಬೀಳ್ಕೊಡಲು ಏಳಲಿಲ್ಲ. ಅವನು ಜಾಲಿಯ ಮರೆಯಾದ ಮೇಲೂ ನೀರು ಕಲಕುವ ಸದ್ದು ನಿಲ್ಲುವವರೆಗೆ ಎಲ್ಲರೂ ಕೂತೇ ಇದ್ದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಪರಸ್ಪರ ನೋಡದೆ ತಮ್ಮ ತಮ್ಮ ಗುಡಿಸಲಿಗೆ ಹೋದರು. ಯಮನಮ್ಮನನ್ನು ಸುಂಕಪ್ಪ ಕೈಹಿಡಿದು ನಡೆಸಿಕೊಂಡು ಹೋಗಬೇಕಾಯಿತು.

ದುರುಗಮ್ಮ ಎದ್ದು ನಿಲ್ಲಲು ನೋಡಿದಳು. ಅಂಗಾಲಿನಿಂದ ಮಿಂಚು ಹೊಡೆದಂತಾಗಿ ಮತ್ತೆ ಕೂತಳು. ಆಗಲೇ ನೋಡಿದ್ದು: ಕಲ್ಲಿನ ಮೇಲೆ ನೀರಿನ ಜೊತೆ ರಕ್ತವೂ ಇತ್ತು.

ಕರೆಮ್ಮ ಹೋಗಿರಲಿಲ್ಲ. "ನಾಳೆ ನಮ್ಮನ್ನೆಲ್ಲ ಎಬ್ಬಿಸಿ ಓಡಿಸ್ತಾರ," ಎಂದಳು. "ನನ್ನ ಮಕ್ಕಳನ್ನ ಎಲ್ಲಿಗೆ ಒಯ್ಯಲಿ ನಾ?" ಕರೆಮ್ಮ ಮೂಗು ಸೀಟಿಕೊಂಡಳು. ಆಮೇಲೆ ದುರುಗಮ್ಮನ ಕಾಲನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ರಕ್ತ ಒರೆಸಿ, ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿದಳು.

ಆಚೆ ದಂಡೆಯಲ್ಲಿ ಯಾರೋ ಯಾರನ್ನೋ ಕೂಗಿದರು. ಇಬ್ಬರೂ ತಲೆ ಎತ್ತಿ, ಉಸಿರು ಹಿಡಿದು ಆಲಿಸಿದರು. ಮತ್ತೆ ಕೂಗು ಕೇಳಲಿಲ್ಲ. ಕರೆಮ್ಮ ಉಳಿದಷ್ಟು ಬೆಳಕಿಗೆ ಅಂಗಾಲನ್ನು ತಿರುಗಿಸಿ ಹಿಡಿದು, ಮುಳ್ಳಿನ ಮೊನೆ ಎಲ್ಲಿದೆಯೆಂದು ಬೆರಳಿನಿಂದ ಒತ್ತಿ ಒತ್ತಿ ಹುಡುಕತೊಡಗಿದಳು.